ತಟ್ಟಿದ ಕೈ, ಹಿಡಿದ ಕೈ

ಟಾಮ್ ಬ್ರೇಡಿ ಕೈಯಲ್ಲಿ ಚೆಂಡು. ಪಂದ್ಯ ಮುಗಿಯೋಕೆ ಬಾಕಿ ಇರೋದು 12 ಸೆಕೆಂಡ್. 2016ರ ಜನವರಿ 24, ಡೆನ್ವರ್‌ನ ಮೈದಾನ, ಎಎಫ್‌ಸಿ ಫೈನಲ್. ಗೆದ್ದವರಿಗೆ ಸೂಪರ್ ಬೌಲ್. ಡೆನ್ವರ್ ಬ್ರಾಂಕೋಸ್ 20, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 18. ಈ ಒಂದು ಪ್ರಯತ್ನದಲ್ಲಿ ಎರಡು ಪಾಯಿಂಟ್ ಸಿಕ್ಕರೆ ಸ್ಕೋರ್ ಸಮ. ಬ್ರೇಡಿ ಜೂಲಿಯನ್ ಎಡೆಲ್ಮನ್ ಕಡೆಗೆ ಎಸೆದ. ಮಧ್ಯದಲ್ಲಿ ಅಕೀಬ್ ತಾಲಿಬ್‌ನ ಕೈ ಅಡ್ಡ ಬಂತು. ಚಿಮ್ಮಿದ ಚೆಂಡನ್ನ ಬ್ರಾಡ್ಲಿ ರೋಬಿ ಹಿಡಿದ. ಹೆಚ್ಚು ಕಡಿಮೆ ಅಲ್ಲಿಗೆ ಮುಗೀತು.

ನನಗೆ ಕುತೂಹಲ ಇರೋದು ಆ ಎರಡು ಕೈಗಳು ಡೆನ್ವರ್‌ಗೆ ಬಂದ ದಾರಿಯ ಬಗ್ಗೆ. ತಟ್ಟಿದ ಕೈ ತಾಲಿಬ್‌ದು: 2014ರ ಮಾರ್ಚಿನಲ್ಲಿ ದುಡ್ಡು ಸುರಿದು ತಂದದ್ದು, ಅದೂ ಇದೇ ಪೇಟ್ರಿಯಟ್ಸ್‌ನಿಂದ ಹೊರಬಂದವನನ್ನ. ಹಿಡಿದ ಕೈ ರೋಬಿದು: ಅದೇ ವರ್ಷದ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಕಾಲೇಜಿನಿಂದ ನೇರ ಆರಿಸಿಕೊಂಡದ್ದು. ಒಂದು ಕೊಂಡ ಕೈ, ಇನ್ನೊಂದು ಬೆಳೆಸಿದ ಕೈ.

ಎರಡು ವರ್ಷ ಹಿಂದೆ ಹೋಗಿ. 2014ರ ಫೆಬ್ರವರಿ 2ರ ಸೂಪರ್ ಬೌಲ್‌ನಲ್ಲಿ ಇದೇ ಡೆನ್ವರ್ ತಂಡವನ್ನ ಸಿಯಾಟಲ್ ಸೀಹಾಕ್ಸ್ 43–8ರಿಂದ ಹೊಸಕಿಹಾಕಿತ್ತು. ಆ ಪಂದ್ಯದ ಬೆನ್ನು ಮುರಿದ ಕ್ಷಣ ನೆನಪಿಸಿಕೊಳ್ಳಿ. ಪೇಟನ್ ಮ್ಯಾನಿಂಗ್ ಎಸೆಯೋ ಹೊತ್ತಿಗೆ ಕ್ಲಿಫ್ ಏವ್ರಿಲ್ ಅವನ ಕೈಗೆ ಹೊಡೆದ. ತೇಲಿಬಂದ ಚೆಂಡನ್ನ ಮಾಲ್ಕಂ ಸ್ಮಿತ್ ಹಿಡಿದು 69 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಏವ್ರಿಲ್ ಹಿಂದಿನ ವರ್ಷ ಡೆಟ್ರಾಯ್ಟ್ ಬಿಟ್ಟು ಬಂದಿದ್ದ ಅನುಭವಿ. ಸ್ಮಿತ್ 2011ರ ಡ್ರಾಫ್ಟ್‌ನ ಕೊನೇ ಸುತ್ತಿನಲ್ಲಿ, ಅಂದರೆ ಏಳನೇ ಸುತ್ತಿನಲ್ಲಿ ಸಿಕ್ಕವನು. ಪಂದ್ಯಪುರುಷ ಪ್ರಶಸ್ತಿ ಸ್ಮಿತ್‌ಗೆ ಹೋಯ್ತು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಡಿಫೆನ್ಸ್ ಕಟ್ಟೋದು ಹೇಗೆ ಅನ್ನೋ ಚರ್ಚೆ ಪ್ರತಿ ಮಾರ್ಚ್, ಏಪ್ರಿಲ್‌ನಲ್ಲಿ ಹೊಸದಾಗಿ ಶುರುವಾಗುತ್ತೆ. ಒಂದು ಪಕ್ಷ ‘ಡ್ರಾಫ್ಟ್‌ನಲ್ಲಿ ಹುಡುಗರನ್ನ ಆರಿಸಿ ಬೆಳೆಸಿ’ ಅನ್ನುತ್ತೆ. ಇನ್ನೊಂದು ‘ಗೆಲ್ಲಬೇಕಾದರೆ ಪಳಗಿದವರನ್ನ ಕೊಳ್ಳಿ’ ಅನ್ನುತ್ತೆ. ಮೊದಲನೆಯವರ ಇಷ್ಟದೈವ ಸಿಯಾಟಲ್, ಎರಡನೆಯವರದು ಡೆನ್ವರ್. ನನ್ನ ತಕರಾರು ಇಬ್ಬರ ಮೇಲೂ ಇದೆ. ಈ ಎರಡು ದಾರಿಗಳನ್ನ ಬೇರೆ ಬೇರೆ ಅಂದುಕೊಂಡಿರೋದೇ ತಪ್ಪು. ಎರಡಕ್ಕೂ ದುಡ್ಡು ಬರೋದು ಒಂದೇ ಜೇಬಿನಿಂದ, ಮತ್ತು ಆ ಜೇಬು ತಂಡದ ಮಾಲೀಕನದ್ದೊಂದೇ ಅಲ್ಲ.

ನಾಲ್ಕು ವರ್ಷದ ಬಾಂಡ್

ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಈ ಡ್ರಾಫ್ಟ್ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಇಲ್ಲಿ ಬಿಡ್ ಕೂಗೋದಿಲ್ಲ. ಹಿಂದಿನ ಸೀಸನ್‌ನಲ್ಲಿ ತೀರಾ ಕೆಳಗೆ ಬಿದ್ದ ತಂಡ ಮೊದಲು ಆರಿಸುತ್ತೆ, ಚಾಂಪಿಯನ್ ಕೊನೆಗೆ. 32 ತಂಡ, ಏಳು ಸುತ್ತು. ಆಯ್ಕೆಯಾದ ಹುಡುಗ ‘ನನಗೆ ಈ ಊರು ಬೇಡ, ಪಕ್ಕದ ತಂಡದವರು ಜಾಸ್ತಿ ಕೊಡ್ತಾರೆ’ ಅನ್ನೋ ಹಾಗಿಲ್ಲ. ನಮ್ಮ ಕ್ಯಾಂಪಸ್ ಪ್ಲೇಸ್‌ಮೆಂಟನ್ನೇ ಕಲ್ಪಿಸಿಕೊಳ್ಳಿ: ಒಂದೇ ಕಂಪನಿ ನಿಮ್ಮನ್ನ ಆರಿಸಬಹುದು, ಸಂಬಳ ಮೊದಲೇ ಹೆಚ್ಚು ಕಡಿಮೆ ನಿಗದಿಯಾಗಿದೆ, ನಾಲ್ಕು ವರ್ಷ ಬಾಂಡ್, ಮೂರು ಸೀಸನ್ ಮುಗಿಯೋ ತನಕ ಸಂಬಳದ ಮಾತೇ ಎತ್ತಬಾರದು. ಮೊದಲ ಸುತ್ತಿನವನಾದರೆ ಐದನೇ ವರ್ಷವನ್ನೂ ಸೇರಿಸೋ ಹಕ್ಕು ಕಂಪನಿಗೇ.

ಇದು ಮೊದಲಿನಿಂದ ಹೀಗಿರಲಿಲ್ಲ. 2010ರಲ್ಲಿ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿದ್ದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್‌ನ ಒಪ್ಪಂದ ಸಿಕ್ಕಿತ್ತು. 2011ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಹೊಸ ಕರಾರು ಮಾಡಿಕೊಂಡವು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಒಂದೇ ವರ್ಷದ ಅಂತರ. ಹುಡುಗರ ಪ್ರತಿಭೆ ಏನೂ ಕಮ್ಮಿ ಆಗಿರಲಿಲ್ಲ, ರೇಟು ಮಾತ್ರ ಕಮ್ಮಿಯಾಯ್ತು.

ಇದರ ಜೊತೆಗೆ ಸ್ಯಾಲರಿ ಕ್ಯಾಪ್. ಒಂದು ತಂಡ ವರ್ಷಕ್ಕೆ ಆಟಗಾರರ ಮೇಲೆ ಇಷ್ಟೇ ಖರ್ಚು ಮಾಡಬಹುದು ಅನ್ನೋ ಮಿತಿ. 2013ರಲ್ಲಿ ಅದು 12.3 ಕೋಟಿ ಡಾಲರ್. ಎಷ್ಟೇ ಶ್ರೀಮಂತ ಮಾಲೀಕನಿದ್ದರೂ ಮಿತಿ ಮಿತಿಯೇ. ಹಾಗಾಗಿ ಹುಡುಗರಿಗೆ ಕೊಡದೆ ಉಳಿದ ದುಡ್ಡು ನೇರವಾಗಿ ಪಳಗಿದವರನ್ನ ಕೊಳ್ಳೋಕೆ ಹೋಗುತ್ತೆ. ಅಗ್ಗದ ಕೈ ಇದ್ದರೇನೇ ದುಬಾರಿ ಕೈಗೆ ಜಾಗ.

ಸಿಯಾಟಲ್: ಬರೀ ಬೆಳೆಸಿದ್ದಲ್ಲ

2010ರ ಜನವರಿಯಲ್ಲಿ ಕೋಚ್ ಪೀಟ್ ಕ್ಯಾರಲ್, ಜನರಲ್ ಮ್ಯಾನೇಜರ್ ಜಾನ್ ಶ್ನೈಡರ್ ಸಿಯಾಟಲ್‌ಗೆ ಬಂದರು. ಮುಂದಿನ ಮೂರು ಡ್ರಾಫ್ಟ್‌ಗಳಲ್ಲಿ ಅವರು ಮಾಡಿದ್ದನ್ನ ಈಗಲೂ ಜನ ಪಾಠದ ಥರ ಹೇಳ್ತಾರೆ. 2010ರಲ್ಲಿ ಮೊದಲ ಸುತ್ತಿನ 14ನೇ ಆಯ್ಕೆಯಾಗಿ ಸೇಫ್ಟಿ ಅರ್ಲ್ ಥಾಮಸ್, ಐದನೇ ಸುತ್ತಿನಲ್ಲಿ ಕ್ಯಾಮ್ ಚಾನ್ಸಲರ್. 2011ರಲ್ಲಿ ನಾಲ್ಕನೇ ಸುತ್ತಿನಲ್ಲಿ ಕೆ.ಜೆ. ರೈಟ್, ಐದನೇ ಸುತ್ತಿನಲ್ಲಿ ರಿಚರ್ಡ್ ಶರ್ಮನ್, ಆರನೇ ಸುತ್ತಿನಲ್ಲಿ ಬೈರನ್ ಮ್ಯಾಕ್ಸ್‌ವೆಲ್. 2012ರಲ್ಲಿ ಎರಡನೇ ಸುತ್ತಿನಲ್ಲಿ ಬಾಬಿ ವ್ಯಾಗ್ನರ್. 2012ರಿಂದ 2015ರವರೆಗೆ ಸತತ ನಾಲ್ಕು ಸೀಸನ್ ಇಡೀ ಲೀಗ್‌ನಲ್ಲಿ ಅತಿ ಕಡಿಮೆ ಪಾಯಿಂಟ್ ಬಿಟ್ಟುಕೊಟ್ಟ ತಂಡ ಇದೇ.

ಆಯ್ಕೆಯಲ್ಲಿ ಕಣ್ಣಿತ್ತು, ಅದನ್ನ ಒಪ್ಪೋಣ. ಕಾರ್ನರ್‌ಬ್ಯಾಕ್ ಅಂದರೆ ಕುಳ್ಳಗೆ, ಚುರುಕಾಗಿರಬೇಕು ಅಂತ ಬೇರೆಯವರು ನಂಬಿದ್ದಾಗ ಕ್ಯಾರಲ್ ಉದ್ದ ಕೈಕಾಲಿನವರನ್ನ ಹುಡುಕಿದರು. ಬೇರೆಯವರ ತಕ್ಕಡಿಯಲ್ಲಿ ಹಗುರವಾಗಿ ತೂಗಿದವರೇ ಇವರಿಗೆ ಬೇಕಿದ್ದದ್ದು, ಅದಕ್ಕೇ ಶರ್ಮನ್ ಐದನೇ ಸುತ್ತಿನ ತನಕ ಉಳಿದಿದ್ದ. ತಮ್ಮ ಆಟಕ್ಕೆ ಎಂಥವರು ಬೇಕು ಅಂತ ಮೊದಲೇ ಗೊತ್ತಿದ್ದರೆ ಸಂತೆಯ ರೇಟಿಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಆದರೆ 2012ರಲ್ಲೇ ಈ ಹುಡುಗರೆಲ್ಲ ಇದ್ದರು, ಕಪ್ ಬರಲಿಲ್ಲ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರ ಕೊರತೆ ಇತ್ತು. 2013ರ ಮಾರ್ಚಿನಲ್ಲಿ ಆ ತೂತಿಗೆ ಸರಿಯಾಗಿ ಇಬ್ಬರು ಬಂದರು: ಎರಡು ವರ್ಷದ ಒಪ್ಪಂದದ ಮೇಲೆ ಏವ್ರಿಲ್, ಒಂದೇ ವರ್ಷದ ಒಪ್ಪಂದದ ಮೇಲೆ ಮೈಕಲ್ ಬೆನೆಟ್. ಬೆನೆಟ್ ಕಥೆ ತಮಾಷೆಯದು. ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಅವನನ್ನ 2009ರಲ್ಲಿ ಮೊದಲು ಸೇರಿಸಿಕೊಂಡದ್ದೂ ಇದೇ ಸಿಯಾಟಲ್, ಕೈಬಿಟ್ಟದ್ದೂ ಇದೇ ಸಿಯಾಟಲ್. ಬೇರೆಯವರ ಮನೆಯಲ್ಲಿ ಬೆಳೆದು ವಾಪಸ್ ಬಂದ.

ಆ ವರ್ಷ ಇವರನ್ನೆಲ್ಲ ಒಟ್ಟಿಗೆ ಇಟ್ಟುಕೊಳ್ಳೋಕೆ ಹೇಗಾಯ್ತು? ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಮೂರನೇ ಸುತ್ತಿನ ಹುಡುಗ, ಅವನ ವರ್ಷದ ಖರ್ಚು 10 ಲಕ್ಷ ಡಾಲರ್‌ಗೂ ಕಡಿಮೆ. ಲೀಗ್‌ನಲ್ಲೇ ಅತಿ ಹೆಚ್ಚು, ಎಂಟು ಇಂಟರ್‌ಸೆಪ್ಷನ್ ಮಾಡಿದ ಶರ್ಮನ್‌ನ ಖರ್ಚೂ 10 ಲಕ್ಷದೊಳಗೇ. ಇದನ್ನ ‘ಡ್ರಾಫ್ಟ್ ಜಾಣ್ಮೆ’ ಅಂತ ಹೊಗಳೋರು ಪೂರ್ತಿ ವಾಕ್ಯ ಹೇಳ್ತಿಲ್ಲ. ಜಾಣ್ಮೆ ಇತ್ತು. ಅದರ ಜೊತೆಗೆ, ಜಗತ್ತಿನ ಅತ್ಯುತ್ತಮ ಕೆಲಸಗಾರರಿಗೆ ಫ್ರೆಶರ್ ಸಂಬಳ ಕೊಡಬಹುದಾದ ನಾಲ್ಕು ವರ್ಷದ ಕಿಟಕಿಯೂ ಇತ್ತು.

ಡೆನ್ವರ್: ಬರೀ ಕೊಂಡದ್ದಲ್ಲ

ಆ 43–8ರ ಸೋಲಿಗೆ ಡೆನ್ವರ್‌ನ ಜಾನ್ ಎಲ್ವೇಗೆ ನೆಪಗಳಿದ್ದವು. ಅವನ ಅತ್ಯುತ್ತಮ ಡಿಫೆಂಡರ್ ವಾನ್ ಮಿಲ್ಲರ್, ಕಾರ್ನರ್‌ಬ್ಯಾಕ್ ಕ್ರಿಸ್ ಹ್ಯಾರಿಸ್ ಇಬ್ಬರೂ ಮೊಣಕಾಲು ಮುರಿದುಕೊಂಡು ಹೊರಗಿದ್ದರು. ಆ ಸೀಸನ್‌ನಲ್ಲಿ ತಂಡ 606 ಪಾಯಿಂಟ್ ಹೊಡೆದು ಲೀಗ್ ದಾಖಲೆ ಮಾಡಿತ್ತು, ಮ್ಯಾನಿಂಗ್ ಒಬ್ಬನೇ 55 ಟಚ್‌ಡೌನ್ ಪಾಸ್ ಎಸೆದಿದ್ದ. ‘ಒಂದು ಕೆಟ್ಟ ದಿನ’ ಅಂತ ಎದ್ದುಹೋಗಬಹುದಿತ್ತು. ಎಲ್ವೇ ಹಾಗೆ ಮಾಡಲಿಲ್ಲ. ಮಾರ್ಚಿನಲ್ಲಿ ಎರಡೇ ದಿನದಲ್ಲಿ ಮೂವರನ್ನ ತಂದ: ತಾಲಿಬ್‌ಗೆ ಆರು ವರ್ಷಕ್ಕೆ 5.7 ಕೋಟಿ ಡಾಲರ್, ಸೇಫ್ಟಿ ಟಿ.ಜೆ. ವಾರ್ಡ್‌ಗೆ ನಾಲ್ಕು ವರ್ಷಕ್ಕೆ 2.3 ಕೋಟಿ, ಒಂಬತ್ತು ಸೀಸನ್ ದುಡಿಸಿಕೊಂಡು ಡಲ್ಲಾಸ್ ಕೈಬಿಟ್ಟ ಡಿಮಾರ್ಕಸ್ ವೇರ್‌ಗೆ ಮೂರು ವರ್ಷಕ್ಕೆ 3 ಕೋಟಿ. ಕಾಗದದ ಮೇಲೆ 11 ಕೋಟಿ ಡಾಲರ್!

‘ಎಲ್ವೇ ಕಪ್ ಕೊಂಡ’ ಅನ್ನೋ ಮಾತು ಹುಟ್ಟಿದ್ದು ಇಲ್ಲಿಂದ. ಆದರೆ ಕೊಂಡ ಮೊದಲ ವರ್ಷ ತಂಡ ಸ್ವಂತ ಮೈದಾನದಲ್ಲಿ ಇಂಡಿಯಾನಪೊಲಿಸ್ ಕೋಲ್ಟ್ಸ್‌ಗೆ ಸೋತು ಮನೆಗೆ ಹೋಯ್ತು. ಕೋಚ್ ಜಾನ್ ಫಾಕ್ಸ್ ಹೊರಟರು. ಹೊಸ ಕೋಚ್ ಗ್ಯಾರಿ ಕ್ಯೂಬಿಯಾಕ್ ಜೊತೆ ಡಿಫೆನ್ಸ್ ನೋಡಿಕೊಳ್ಳೋಕೆ ವೇಡ್ ಫಿಲಿಪ್ಸ್ ಬಂದರು. ಹಿಂದಿನ ಇಡೀ ಸೀಸನ್ ಅವರಿಗೆ ಯಾವ ತಂಡದಲ್ಲೂ ಕೆಲಸ ಇರಲಿಲ್ಲ. ಅಂದರೆ ಒಬ್ಬ ಅನುಭವಿ ಕೋಚ್‌ನನ್ನೂ ಸಂತೆಯಿಂದಲೇ ತಂದದ್ದು.

2015ರಲ್ಲಿ ಮ್ಯಾನಿಂಗ್ ಮುದಿಯಾಗಿದ್ದ. 9 ಟಚ್‌ಡೌನ್ ಪಾಸ್, 17 ಇಂಟರ್‌ಸೆಪ್ಷನ್. ತಂಡವನ್ನ ಹೊತ್ತದ್ದು ಡಿಫೆನ್ಸ್. ಅದರಲ್ಲಿ ಕೊಂಡವರು ಎಷ್ಟು ಜನ ಅಂತ ಲೆಕ್ಕ ಹಾಕಿ. ಮಿಲ್ಲರ್ 2011ರ ಡ್ರಾಫ್ಟ್‌ನ ಎರಡನೇ ಆಯ್ಕೆ. ಹ್ಯಾರಿಸ್ ಅದೇ ವರ್ಷ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿ ಬಂದವನು. 2012ರ ಒಂದೇ ಡ್ರಾಫ್ಟ್‌ನಲ್ಲಿ ಎರಡನೇ ಸುತ್ತಿನ ಡೆರೆಕ್ ವುಲ್ಫ್, ಐದನೇ ಸುತ್ತಿನ ಮಲಿಕ್ ಜಾಕ್ಸನ್, ಆರನೇ ಸುತ್ತಿನ ಡ್ಯಾನಿ ಟ್ರೆವೇಥನ್. ಈ ಪಾಯ ಇಲ್ಲದಿದ್ದರೆ ಮಾರ್ಚಿನ ಖರೀದಿ ಬರೀ ಪೇಪರ್ ಹೆಡ್‌ಲೈನ್ ಆಗಿರ್ತಿತ್ತು.

2016ರ ಫೆಬ್ರವರಿ 7ರ ಸೂಪರ್ ಬೌಲ್. ನಮ್ಮಲ್ಲಿ ಸೋಮವಾರ ಬೆಳಿಗ್ಗೆ ಐದು ಗಂಟೆ. ಆಫೀಸಿಗೆ ಹೋಗೋ ಮುಂಚೆ ನೋಡಿ ಮುಗಿಸಬಹುದಾದ ಏಕೈಕ ಅಮೆರಿಕನ್ ಹಬ್ಬ. ಎದುರಿಗೆ ಕೆರೊಲಿನಾ ಪ್ಯಾಂಥರ್ಸ್‌ನ ಕ್ಯಾಮ್ ನ್ಯೂಟನ್, 2011ರ ಡ್ರಾಫ್ಟ್‌ನಲ್ಲಿ ಮಿಲ್ಲರ್‌ಗಿಂತ ಒಂದು ಸ್ಥಾನ ಮೊದಲು ಹೋದವನು. ಮಿಲ್ಲರ್ ಎರಡು ಸಲ ಅವನ ಕೈಯಿಂದ ಚೆಂಡು ಕಿತ್ತ. ಮೊದಲ ಸಲ ಅದನ್ನ ಎಂಡ್ ಝೋನ್‌ನಲ್ಲಿ ಬಾಚಿಕೊಂಡವನು ಐದನೇ ಸುತ್ತಿನ ಜಾಕ್ಸನ್, ಎರಡನೇ ಸಲ ಕೊಂಡು ತಂದ ವಾರ್ಡ್. 24–10. ಈ ಸಲ ತಟ್ಟಿದ್ದು ಬೆಳೆಸಿದ ಕೈ, ಹಿಡಿದದ್ದು ಕೊಂಡ ಕೈ.

ಎಲ್ಲ ಖರೀದಿಯೂ ಒಂದೇ ಅಲ್ಲ

ಹಾಗಾದರೆ ಎರಡನ್ನೂ ಬೆರೆಸಿದರೆ ಸಾಕಾ? ಸಾಲದು. ಯಾಕೆ ಅನ್ನೋದನ್ನ ಫಿಲಡೆಲ್ಫಿಯಾ ಈಗಲ್ಸ್ ತೋರಿಸಿಕೊಟ್ಟಿದೆ. 2023ರಲ್ಲಿ 10–1ರಿಂದ ಶುರುಮಾಡಿದ ತಂಡ ಕೊನೇ ಆರರಲ್ಲಿ ಐದು ಸೋತು, ಪ್ಲೇಆಫ್‌ನಲ್ಲಿ ಟ್ಯಾಂಪಾ ಬೇ ಎದುರು 32–9ರಿಂದ ಮಕಾಡೆ ಮಲಗಿತು. ಡಿಫೆನ್ಸ್ ಸೋರ್ತಿದೆ ಅಂತ ಗೊತ್ತಾದಾಗ ಸೀಸನ್ ಮಧ್ಯದಲ್ಲೇ ಹೆಸರುವಾಸಿ ಸೇಫ್ಟಿ ಕೆವಿನ್ ಬಯರ್ಡ್‌ನನ್ನ ತಂದರು, ಡಿಸೆಂಬರ್‌ನಲ್ಲಿ ಕೋಲ್ಟ್ಸ್ ಬಿಟ್ಟ ಲೈನ್‌ಬ್ಯಾಕರ್ ಶಕೀಲ್ ಲೆನರ್ಡ್‌ನನ್ನ ತಂದರು, ಡಿಫೆನ್ಸ್ ನಡೆಸೋ ಕೋಚ್‌ನನ್ನೂ ಬದಲಾಯಿಸಿದರು. ಏನೂ ಪ್ರಯೋಜನ ಆಗಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಮುಂದಿನ ವರ್ಷ ಜನರಲ್ ಮ್ಯಾನೇಜರ್ ಹೌಯಿ ರೋಸ್‌ಮನ್ ಮಾಡಿದ್ದನ್ನ ನೋಡಿ. 2024ರ ಡ್ರಾಫ್ಟ್‌ನ ಮೊದಲ ಎರಡು ಆಯ್ಕೆಯೂ ಹಿಂಬದಿ ಕಾಯುವವರು: ಕ್ವಿನ್ಯನ್ ಮಿಚೆಲ್, ಕೂಪರ್ ಡಿಜೀನ್. ಮುಂಬದಿಯಲ್ಲಿ ಹಿಂದಿನ ಡ್ರಾಫ್ಟ್‌ಗಳ ಜೋರ್ಡನ್ ಡೇವಿಸ್, ಜೇಲನ್ ಕಾರ್ಟರ್, ಮಿಲ್ಟನ್ ವಿಲಿಯಮ್ಸ್, ಜಾಶ್ ಸ್ವೆಟ್ ಆಗಲೇ ಇದ್ದರು. ಡಿಫೆನ್ಸ್ ನಡೆಸೋಕೆ ಹಳೇ ಹುಲಿ ವಿಕ್ ಫ್ಯಾಂಜಿಯೊ. ಜೊತೆಗೆ ಮಾರ್ಚಿನಲ್ಲಿ ಎರಡು ಖರೀದಿ. ನ್ಯೂಯಾರ್ಕ್ ಜೆಟ್ಸ್‌ನಿಂದ ಬ್ರೈಸ್ ಹಫ್, ಮೂರು ವರ್ಷಕ್ಕೆ 5.1 ಕೋಟಿ ಡಾಲರ್. ನ್ಯೂ ಆರ್ಲಿಯನ್ಸ್‌ನಿಂದ ಝ್ಯಾಕ್ ಬಾನ್, ಒಂದು ವರ್ಷಕ್ಕೆ 35 ಲಕ್ಷ.

ಹಫ್ ಸೂಪರ್ ಬೌಲ್ ದಿನ ಗಾಯವಿಲ್ಲದೆಯೂ ಹೊರಗೆ ಕೂತಿದ್ದ. ಬಾನ್ ಆ ಪಂದ್ಯದಲ್ಲಿ ಪ್ಯಾಟ್ರಿಕ್ ಮಹೋಮ್ಸ್‌ನ ಪಾಸ್ ಹಾರಿ ಹಿಡಿದ. ಡಿಜೀನ್ ತನ್ನ 22ನೇ ಹುಟ್ಟುಹಬ್ಬದ ದಿನವೇ ಇಂಟರ್‌ಸೆಪ್ಷನ್ ಮಾಡಿ ಟಚ್‌ಡೌನ್ ಹೊಡೆದ. ಕ್ಯಾನ್ಸಾಸ್ ಸಿಟಿ ಎದುರು 40–22. ಅದೇ ತಿಂಗಳು, ಅದೇ ಮ್ಯಾನೇಜರ್, ಎರಡು ಖರೀದಿ. ದುಬಾರಿಯದ್ದು ಕೈಕೊಟ್ಟಿತು, ಅಗ್ಗದ್ದು ಕೈಹಿಡಿಯಿತು. ಇದನ್ನ ಅದೃಷ್ಟ ಅಂತ ಬಿಟ್ಟುಬಿಡಬಹುದು, ಆದರೆ ಪೂರ್ತಿ ಅಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಬಾನ್ ಹೆಚ್ಚಾಗಿ ಕಿಕ್ ಹೊತ್ತಿನ ಸ್ಪೆಷಲ್ ಟೀಮ್‌ಗೆ ಸೀಮಿತವಾಗಿದ್ದ. ಫಿಲಡೆಲ್ಫಿಯಾ ಅವನ ಹಳೇ ರೆಸ್ಯೂಮ್ ನೋಡಿ ಕೊಳ್ಳಲಿಲ್ಲ, ಅವನನ್ನ ಲೈನ್‌ಬ್ಯಾಕರ್‌ನ ಮಧ್ಯದ ಜಾಗದಲ್ಲಿ ನಿಲ್ಲಿಸಿ ನೋಡಿತು. ಲ್ಯಾಟರಲ್ ಹೈರ್ ಮಾಡೋ ಯಾವ ಮ್ಯಾನೇಜರ್ರೂ ಈ ವ್ಯತ್ಯಾಸವನ್ನ ಅರ್ಥ ಮಾಡಿಕೊಂಡಾನು.

ಕಪ್ ಗೆದ್ದ ಮರುತಿಂಗಳೇ ಬಾನ್‌ಗೆ ಸಿಕ್ಕ ಹೊಸ ಒಪ್ಪಂದ ಎಷ್ಟು ಗೊತ್ತಾ? ಮೂರು ವರ್ಷಕ್ಕೆ 5.1 ಕೋಟಿ, ಹಫ್‌ಗೆ ಕೊಟ್ಟಷ್ಟೇ. ವಿಲಿಯಮ್ಸ್ 10.4 ಕೋಟಿಗೆ ನ್ಯೂ ಇಂಗ್ಲೆಂಡ್‌ಗೆ ಹೋದ, ಸ್ವೆಟ್ 7.64 ಕೋಟಿಗೆ ಅರಿಝೋನಾಗೆ. ಹುಡುಗರು ತಮ್ಮ ಬೆಲೆ ಕೇಳೋ ದಿನ ಬಂದಾಗ ಗೆದ್ದ ಡಿಫೆನ್ಸ್ ಬಿಚ್ಚಿಕೊಳ್ಳುತ್ತೆ.

ಬಿಲ್ಲು ಯಾರ ಹೆಸರಿಗೆ

ಡೆನ್ವರ್‌ನಲ್ಲೂ ಆದದ್ದು ಅದೇ. ಕಪ್ ಗೆದ್ದ ಮರುತಿಂಗಳು ಜಾಕ್ಸನ್ 8.55 ಕೋಟಿಯ ಒಪ್ಪಂದಕ್ಕೆ ಜ್ಯಾಕ್ಸನ್‌ವಿಲ್‌ಗೆ ಹೋದ, ಟ್ರೆವೇಥನ್ ಶಿಕಾಗೊಗೆ. 2016ರಿಂದ 2023ರವರೆಗೆ ಎಂಟು ಸೀಸನ್ ಡೆನ್ವರ್ ಪ್ಲೇಆಫ್ ಮುಖ ನೋಡಲಿಲ್ಲ. ಸಿಯಾಟಲ್ ಮಾಡಿದ ತಪ್ಪು ಇನ್ನೂ ಸ್ಪಷ್ಟ. ಬೆಳೆದ ಹುಡುಗರಿಗೆ ಸಂಬಳ ಏರಿದ ಹೊತ್ತಿನಲ್ಲೇ ಹೊಸ ಸಸಿ ನೆಡಬೇಕಿತ್ತು. ಅವರು 2013ರ ಮೊದಲ ಸುತ್ತಿನ ಆಯ್ಕೆಯನ್ನ ಪರ್ಸಿ ಹಾರ್ವಿನ್‌ಗಾಗಿ, 2015ರದ್ದನ್ನ ಜಿಮ್ಮಿ ಗ್ರಹಾಂಗಾಗಿ ಕೊಟ್ಟುಬಿಟ್ಟರು. ಇಬ್ಬರೂ ಆಫೆನ್ಸ್‌ನವರು. ಹಾರ್ವಿನ್ ಅಂತೂ 2014ರ ಅಕ್ಟೋಬರ್‌ಗೆ ತಂಡದಲ್ಲೇ ಇರಲಿಲ್ಲ.

ಮ್ಯಾನೇಜರ್‌ಗಳ ಲೆಕ್ಕ ಇಲ್ಲಿಗೆ ಮುಗಿಯುತ್ತೆ, ಪತ್ರಿಕೆಗಳ ವಿಶ್ಲೇಷಣೆಯೂ ಇಲ್ಲಿಗೇ ನಿಲ್ಲುತ್ತೆ. ‘ಕಿಟಕಿ ಮುಚ್ಚಿತು’ ಅಂತ ಬರೆದು ಮುಂದಿನ ಡ್ರಾಫ್ಟ್‌ಗೆ ಹೋಗ್ತಾರೆ. ಆದರೆ ಆ ಕಿಟಕಿ ಮುಚ್ಚಿದಾಗ ಕೆಲವರ ಬೆರಳು ಸಿಕ್ಕಿಹಾಕಿಕೊಂಡಿರುತ್ತೆ.

ಅರಿಝೋನಾದ ಗ್ಲೆಂಡೇಲ್‌ನಲ್ಲಿ ಒಂದು ಸ್ಟೇಡಿಯಂ ಇದೆ. 2015ರ ಫೆಬ್ರವರಿ 1ರಂದು ಸಿಯಾಟಲ್ ಅಲ್ಲಿ ಸತತ ಎರಡನೇ ಸೂಪರ್ ಬೌಲ್ ಆಡಿತು. ಥಾಮಸ್, ಶರ್ಮನ್, ಚಾನ್ಸಲರ್ ಮೂವರೂ ಗಾಯದ ಮೇಲೇ ಆಡ್ತಿದ್ದರು. ಏವ್ರಿಲ್ ತಲೆಗೆ ಪೆಟ್ಟಾಗಿ ಮೂರನೇ ಕ್ವಾರ್ಟರ್‌ನಲ್ಲಿ ಹೊರಗೆ ಹೋದ. ಆಮೇಲೆ ಬ್ರೇಡಿ ಎರಡು ಟಚ್‌ಡೌನ್ ಹೊಡೆದು 28–24ರ ಮುನ್ನಡೆ ತೆಗೆದುಕೊಂಡ. ಕೊನೇ ಗಳಿಗೆಯಲ್ಲಿ ಗೆಲುವಿಗೆ ಒಂದೇ ಯಾರ್ಡ್ ಬೇಕಿದ್ದಾಗ ವಿಲ್ಸನ್ ಎಸೆದ ಪಾಸನ್ನ ಮಾಲ್ಕಂ ಬಟ್ಲರ್ ಕಸಿದುಕೊಂಡ. ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಹುಡುಗ. ಅವನಿಗೆ ದಾರಿ ಬಿಡಿಸಿಕೊಟ್ಟದ್ದು, ಎದುರಿನ ಆಟಗಾರನನ್ನ ನಿಂತಲ್ಲೇ ತಡೆದ ಬ್ರಾಂಡನ್ ಬ್ರೌನರ್. ಹಿಂದಿನ ವರ್ಷದ ತನಕ ಸಿಯಾಟಲ್‌ನಲ್ಲೇ ಇದ್ದು ನ್ಯೂ ಇಂಗ್ಲೆಂಡ್ ಕೊಂಡುಕೊಂಡ ಅನುಭವಿ. ಅದೇ ಸೂತ್ರ, ಈ ಸಲ ಎದುರಾಳಿಯ ಕೈಯಲ್ಲಿ.

2017ರ ನವೆಂಬರ್ 9, ಅದೇ ಸ್ಟೇಡಿಯಂ. ಒಂದೇ ರಾತ್ರಿ ಶರ್ಮನ್‌ನ ಹಿಮ್ಮಡಿ ನರ ಹರಿಯಿತು, ಚಾನ್ಸಲರ್‌ನ ಕುತ್ತಿಗೆಗೆ ಪೆಟ್ಟಾಯಿತು. ಚಾನ್ಸಲರ್ ಮತ್ತೆಂದೂ ಆಡಲಿಲ್ಲ. ಶರ್ಮನ್‌ನನ್ನ ಮುಂದಿನ ಮಾರ್ಚಿನಲ್ಲಿ ತಂಡವೇ ಕೈಬಿಟ್ಟಿತು.

2018ರ ಸೆಪ್ಟೆಂಬರ್ 30, ಮತ್ತೆ ಅದೇ ಸ್ಟೇಡಿಯಂ. ಆ ಬೇಸಿಗೆಯಲ್ಲಿ ಅರ್ಲ್ ಥಾಮಸ್ ‘ಹೊಸ ಒಪ್ಪಂದ ಕೊಡಿ, ಇಲ್ಲಾ ಬೇರೆ ತಂಡಕ್ಕೆ ಕಳಿಸಿ’ ಅಂತ ಕೇಳಿದ್ದ. ಎರಡೂ ಆಗಲಿಲ್ಲ. ಆಡಿದ, ಕಾಲು ಮುರಿಯಿತು. ಗಾಡಿಯಲ್ಲಿ ಹೊರಗೆ ಒಯ್ಯುವಾಗ ಅವನು ತನ್ನದೇ ತಂಡದ ಬೆಂಚಿನ ಕಡೆಗೆ ಮಧ್ಯದ ಬೆರಳು ತೋರಿಸಿದ. ಆಗ ಎಷ್ಟೋ ಜನ ಅದನ್ನ ಅಹಂಕಾರ ಅಂದರು.

ನನಗೆ ಹಾಗೆ ಅನ್ನಿಸೋದಿಲ್ಲ. ಈ ಆಟದಲ್ಲಿ ಡಿಫೆಂಡರ್‌ನ ಮೈ ಎಷ್ಟು ದಿನ ಬರುತ್ತೆ ಅಂತ ಯಾರೂ ಹೇಳೋಕಾಗಲ್ಲ. ಅದರ ಅತ್ಯುತ್ತಮ ವರ್ಷಗಳನ್ನ ಬಾಂಡ್ ತಿನ್ನುತ್ತೆ. ಬಾಂಡ್ ಮುಗಿದು ನ್ಯಾಯವಾದ ಬೆಲೆ ಕೇಳೋ ಹೊತ್ತಿಗೆ ‘ಇನ್ನು ಇವನು ಎಷ್ಟು ದಿನ’ ಅನ್ನೋ ಲೆಕ್ಕ ಶುರುವಾಗಿರುತ್ತೆ. ಆ ಲೆಕ್ಕದಲ್ಲಿ ಗೆದ್ದ ಕೆಲವರು ವೇರ್ ಥರ, ಬೆನೆಟ್ ಥರ ಇನ್ನೊಂದು ತಂಡದ ‘ಅನುಭವಿ’ ಆಗ್ತಾರೆ. ಸೋತವರು ಗಾಡಿ ಹತ್ತುತ್ತಾರೆ.

ಹಾಗಂತ ಶ್ನೈಡರ್, ಎಲ್ವೇ, ರೋಸ್‌ಮನ್ ದಡ್ಡರು ಅಥವಾ ದುಷ್ಟರು ಅಂತಲ್ಲ. ಇದ್ದ ನಿಯಮದೊಳಗೆ ಅವರು ಚೆನ್ನಾಗಿ ಆಡಿದರು. ಡ್ರಾಫ್ಟ್‌ನಿಂದ ಪಾಯ, ಖರೀದಿಯಿಂದ ಬಿಟ್ಟುಹೋದ ಜಾಗಕ್ಕೆ ಕಲ್ಲು, ಅದೂ ಇದೇ ಕ್ರಮದಲ್ಲಿ. ಡಿಫೆನ್ಸ್ ಕಟ್ಟೋಕೆ ಇದಕ್ಕಿಂತ ಒಳ್ಳೇ ದಾರಿ ನನಗಂತೂ ಕಾಣಿಸಿಲ್ಲ. ಆದರೆ ಮುಂದಿನ ಸಲ ಐದನೇ ಸುತ್ತಿನ ಹುಡುಗ ಚಾಂಪಿಯನ್ ಆದಾಗ ‘ಎಂಥಾ ಚೀಪ್ ಡೀಲ್’ ಅಂತ ಮ್ಯಾನೇಜರ್‌ನ ಬೆನ್ನು ತಟ್ಟೋ ಮುಂಚೆ, ಉಳಿದ ದುಡ್ಡು ಯಾರದ್ದು ಅಂತ ಒಂದು ಕ್ಷಣ ಯೋಚಿಸಿ. ತಟ್ಟಿದ ಕೈ, ಹಿಡಿದ ಕೈ ಎರಡನ್ನೂ ನಾವು ರಿಪ್ಲೇಯಲ್ಲಿ ನೂರು ಸಲ ನೋಡ್ತೀವಿ. ಗಾಡಿಯ ಮೇಲಿಂದ ಎದ್ದ ಆ ಕೈಯನ್ನೂ ಡಿಫೆನ್ಸ್ ಕಟ್ಟಿದ ಲೆಕ್ಕದಲ್ಲೇ ಬರೆದುಕೊಳ್ಳಬೇಕು.